ನಿಮಗಿದು ಗೊತ್ತೇ? ಬದಲಿ ಕೀಲಿನ ಹಿಂದಿನ ಲೆಕ್ಕ

ಬೈರಿದೇವರಕೊಪ್ಪದಲ್ಲಿ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಬಾಗಿಲು ನಿಲ್ದಾಣದ ಕಟ್ಟೆಯ ಮಟ್ಟಕ್ಕೇ ತೆರೆಯುತ್ತದೆ, ಮೆಟ್ಟಿಲು ಹತ್ತಬೇಕಿಲ್ಲ. ಅದೆಷ್ಟು ದೊಡ್ಡ ಉಪಕಾರ ಎಂಬುದು ಮೊಣಕಾಲು ಸವೆದವರಿಗೆ ಗೊತ್ತು. ಅದೇ ಬಸ್ಸು ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎನ್ನುವ ವೈದ್ಯಕೀಯ ಕಾಲೇಜಿನ ಹತ್ತಿರ ಇಳಿಸುತ್ತದೆ. 1957ರಲ್ಲಿ ಶುರುವಾದ ಈ ಕಾಲೇಜಿನಲ್ಲಿ ಎಲುಬು-ಕೀಲು ವಿಷಯದ ಎಂ.ಎಸ್. ಓದುವವರು ಸಂಶೋಧನಾ ಪ್ರಬಂಧ ಬರೆಯಲೇಬೇಕು. ಹಾಸಿಗೆಯ ಪಕ್ಕ ನಿಂತು ‘ಎಷ್ಟು ಮಡಚಲು ಬರ್ತದ್ರಿ ಅಜ್ಜಿ?’ ಎಂದು ಕೇಳಿ ಬರೆದುಕೊಳ್ಳುವ ಕಿರಿಯ ಡಾಕ್ಟರು ಮಾಡುತ್ತಿರುವುದು ಸಣ್ಣ ಕೆಲಸವಲ್ಲ; ಬದಲಿ ಕೀಲುಗಳು ಸುಧಾರಿಸಿದ್ದು ಇಂಥ ಲೆಕ್ಕದಿಂದಲೇ.

ಈಗಿನ ಸೊಂಟದ ಬದಲಿ ಕೀಲಿಗೆ ದಾರಿ ತೋರಿದ್ದು ಒಂದು ಸೋಲು, ಗೊತ್ತೇ? ಇಂಗ್ಲೆಂಡಿನ ಜಾನ್ ಚಾರ್ನ್ಲಿ 1950ರ ದಶಕದ ಕೊನೆಗೆ ಟೆಫ್ಲಾನ್ ಬಟ್ಟಲಿನ ಕೀಲು ಕೂರಿಸತೊಡಗಿದರು. ಸುಮಾರು 300 ರೋಗಿಗಳು. ಎರಡು-ಮೂರು ವರ್ಷಕ್ಕೆ ಬಟ್ಟಲು ಸವೆದು, ಅದರ ಪುಡಿ ಸುತ್ತಲಿನ ಎಲುಬನ್ನೇ ಕೆಡಿಸಿತು. ಚಾರ್ನ್ಲಿ ಅದನ್ನು ಮುಚ್ಚಿಡಲಿಲ್ಲ. ಆ ಪುಡಿ ದೇಹಕ್ಕೆ ಏನು ಮಾಡುತ್ತದೆಂದು ತಿಳಿಯಲು ತಮ್ಮ ತೊಡೆಗೇ ಸೇರಿಸಿಕೊಂಡರು. 1962ರಲ್ಲಿ ಮಾರಾಟಗಾರನೊಬ್ಬ ತಂದ ಪಾಲಿಥಿಲೀನ್ ತುಂಡನ್ನು ಅವರು ಬೇಡವೆಂದಿದ್ದರು. ಅವರು ಊರಲ್ಲಿಲ್ಲದಾಗ ಸಹಾಯಕ ಹ್ಯಾರಿ ಕ್ರೇವನ್ ಅದನ್ನು ಉಜ್ಜುವ ಯಂತ್ರಕ್ಕೆ ಹಾಕಿದ. ಮೂರು ವಾರ ಉಜ್ಜಿದರೂ ಟೆಫ್ಲಾನ್ ಒಂದು ದಿನಕ್ಕೆ ಸವೆಯುವಷ್ಟೂ ಸವೆದಿರಲಿಲ್ಲ! ಇಂದಿನ ಕೃತಕ ಮೊಣಕಾಲಿನ ಒಳಗೂ ಇರುವುದು ಅದೇ ಬಗೆಯ ಪ್ಲಾಸ್ಟಿಕ್.

ಆಪರೇಷನ್ ಕೋಣೆಯ ಗಾಳಿ? ಅದನ್ನೂ ಅಳೆದಿದ್ದಾರೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 8 ಸಾವಿರಕ್ಕೂ ಹೆಚ್ಚು ಕೀಲು ಬದಲಿ ಶಸ್ತ್ರಚಿಕಿತ್ಸೆಗಳನ್ನು ಗಮನಿಸಿ 1982ರಲ್ಲಿ ಫಲಿತಾಂಶ ಪ್ರಕಟಿಸಿತು. ಸಾಮಾನ್ಯ ಕೋಣೆಯಲ್ಲಿ ಆಳದ ಸೋಂಕು ನೂರಕ್ಕೆ 1.5, ಅತಿಶುದ್ಧ ಗಾಳಿಯ ಕೋಣೆಯಲ್ಲಿ 0.6.

ಸ್ವೀಡನ್ 1975ರಿಂದಲೇ ಮೊಣಕಾಲು ಬದಲಿಯ ರಾಷ್ಟ್ರೀಯ ನೋಂದಣಿ ಇಟ್ಟಿದೆ. ಇಂಥ ದಾಖಲೆ ಏಕೆ ಬೇಕು? ಲೋಹಕ್ಕೆ ಲೋಹ ಉಜ್ಜುವ ‘ಎಎಸ್‌ಆರ್’ ಸೊಂಟದ ಕೀಲು ಬೇಗ ಕೆಡುತ್ತಿರುವುದು ಆಸ್ಟ್ರೇಲಿಯಾದ ನೋಂದಣಿಯಲ್ಲಿ ಕಂಡಿತು. 2010ರಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಸುಮಾರು 93,000 ಮಂದಿಯ ಮೈಯೊಳಗೆ ಅದು ಸೇರಿತ್ತು, ಭಾರತದವರೂ ಸೇರಿ.

‘ಹತ್ತು ವರ್ಷ ಬಾಳಿಕೆ ಬಂದರೆ ಹೆಚ್ಚು’ ಎನ್ನುವವರಿಗೆ: 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಪೂರ್ಣ ಮೊಣಕಾಲು ಬದಲಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ.

ನೋವಿದ್ದವರಿಗೆಲ್ಲ ಆಪರೇಷನ್ನೇ ಬೇಕೆಂದಿಲ್ಲ. ಡೆನ್ಮಾರ್ಕಿನಲ್ಲಿ ಮೊಣಕಾಲು ಸವೆದ 100 ಜನರನ್ನು ಆಪರೇಷನ್ ಇರುವ, ಇಲ್ಲದ ಎರಡು ಗುಂಪು ಮಾಡಿ ನೋಡಿದರು. ಫಲಿತಾಂಶ ಬಂದದ್ದು 2015ರಲ್ಲಿ. ಆಪರೇಷನ್ ಆದವರಿಗೆ ನೋವು ಹೆಚ್ಚು ತಗ್ಗಿತು, ಗಂಭೀರ ತೊಡಕುಗಳೂ ಅವರಲ್ಲೇ ಹೆಚ್ಚು. ವ್ಯಾಯಾಮ, ಪಥ್ಯ, ಔಷಧಿಯ 50 ಜನರಲ್ಲಿ ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು 13 ಮಂದಿ ಮಾತ್ರ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವ, ಕುಕ್ಕುರುಗಾಲಲ್ಲಿ ಕಳೆ ಕೀಳುವ ನಮ್ಮ ಹೆಂಗಸರಲ್ಲಿ ಇಂಥ ಅಧ್ಯಯನಗಳು ಇನ್ನಷ್ಟು ಆಗಬೇಕು ಎಂಬುದು ನನ್ನ ಹಂಬಲ.

ನಮ್ಮ ನಾಡಿನ ಹಳ್ಳಿಯೊಂದರ ಹೆಸರೇ ಕೀಲಿನ ಕಾಯಿಲೆಗೆ ಬಂದಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಇದು ವಂಶಪಾರಂಪರ್ಯವಾದದ್ದು. ಸೊಂಟದ ಕೀಲು ಸವೆದು ನಡೆಯುವುದೇ ಕಷ್ಟವಾಗುತ್ತದೆ. ಅದನ್ನು ಅನುಭವಿಸಿದವರು ಹೆಚ್ಚಾಗಿ ಬಡ ಕೂಲಿ ಕುಟುಂಬಗಳು.

ಇನ್ನು ಬದಲಿ ಕೀಲಿನ ಬೆಲೆಯ ಮಾತು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ಗೊತ್ತುಮಾಡಿದ ದರ ತೆರಿಗೆ ಬಿಟ್ಟು 54,720 ರೂಪಾಯಿ.

ನಿಮ್ಮ ಮೇಲೆ ಔಷಧ ಪ್ರಯೋಗ ನಡೆಸುತ್ತೇವೆಂದು ಯಾರಾದರೂ ಸಹಿ ಕೇಳಿದರೆ ಸಿಟಿಆರ್‌ಐ ಸಂಖ್ಯೆ ಕೇಳಿ. 2007ರಲ್ಲಿ ಶುರುವಾದ ಭಾರತದ ಈ ಪ್ರಯೋಗ ನೋಂದಣಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಡುವೆ ಬೇಡವೆನಿಸಿದರೆ ಹೊರಬರುವ ಹಕ್ಕು ನಿಮ್ಮದು. ಅದರಿಂದ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಮತ್ತೆ, ಕೀಲು ಬದಲಿಸಿಕೊಂಡ ಮೇಲೆ ನೋವು ಹೋಯಿತೆಂದು ಫಾಲೋಅಪ್ ಬಿಡಬೇಡಿ. ಕೀಲಿನ ಸುತ್ತ ಎಲುಬು ಸವೆಯತೊಡಗಿದರೆ ನೋವಿಗಿಂತ ಮೊದಲೇ ಅದು ಎಕ್ಸ್‌ರೇಯಲ್ಲಿ ಕಾಣಿಸಬಹುದು.