ನೈಸ್ ರಸ್ತೆ

ನೈಸ್ ರಸ್ತೆಯು ಬೆಂಗಳೂರಿನ ದಕ್ಷಿಣ ಮತ್ತು ಪಶ್ಚಿಮ ಅಂಚನ್ನು ಬಳಸಿ ಹೋಗುವ, ಸುಂಕ ವಿಧಿಸಲಾಗುವ ವೇಗಮಾರ್ಗವಾಗಿದೆ. ಹೊಸೂರು ರಸ್ತೆ ಮತ್ತು ತುಮಕೂರು ರಸ್ತೆಗಳನ್ನು ಜೋಡಿಸುವ ಇದರ ಮುಖ್ಯ ಭಾಗದ ಉದ್ದ ಸುಮಾರು 41 ಕಿ.ಮೀ. ನಗರದ ಕೇಂದ್ರ ಭಾಗವನ್ನು ಪ್ರವೇಶಿಸದೆ ಒಂದು ಹೆದ್ದಾರಿಯಿಂದ ಮತ್ತೊಂದಕ್ಕೆ ಸಾಗಲು ಇದು ಅನುಕೂಲ ಕಲ್ಪಿಸುತ್ತದೆ. ನಿರ್ಮಾಣ ಸಂಸ್ಥೆಯಾದ ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್‌ನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಿಂದ 'ನೈಸ್' ಎಂಬ ಹೆಸರು ಬಂದಿದೆ.

ಮಾರ್ಗ

ಎಲೆಕ್ಟ್ರಾನಿಕ್ ಸಿಟಿ ಸಮೀಪ ಹೊಸೂರು ರಸ್ತೆಯಿಂದ ಆರಂಭವಾಗುವ ಈ ಮಾರ್ಗವು ಕ್ರಮವಾಗಿ ಬನ್ನೇರುಘಟ್ಟ ರಸ್ತೆ, ಕನಕಪುರ ರಸ್ತೆ, ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳನ್ನು ದಾಟಿ ತುಮಕೂರು ರಸ್ತೆಯನ್ನು ಸೇರುತ್ತದೆ. ಸೋಮಪುರದ ಬಳಿಯಿಂದ ಕವಲೊಡೆಯುವ ಸಂಪರ್ಕ ರಸ್ತೆಯು ಹೊಸಕೆರೆಹಳ್ಳಿ ಕಡೆಗೆ ಸಾಗಿ ಹೊರ ವರ್ತುಲ ರಸ್ತೆಯನ್ನು ಕೂಡುತ್ತದೆ.

ಹುಳಿಮಾವು ಹೊರ ವರ್ತುಲ ರಸ್ತೆ ಮತ್ತು ನೈಸ್ ರಸ್ತೆಗಳ ನಡುವೆ ಇದೆ. ಇಲ್ಲಿಂದ ಬನ್ನೇರುಘಟ್ಟ ರಸ್ತೆಯಲ್ಲಿ ದಕ್ಷಿಣಕ್ಕೆ, ಗೊಟ್ಟಿಗೆರೆಯ ಕಡೆಗೆ ಹೋದರೆ ನೈಸ್ ರಸ್ತೆಯ ಪ್ರವೇಶ ದೊರೆಯುತ್ತದೆ. ಪೂರ್ವಕ್ಕೆ ಸಾಗಿದರೆ ಎಲೆಕ್ಟ್ರಾನಿಕ್ ಸಿಟಿ, ಪಶ್ಚಿಮಕ್ಕೆ ಸಾಗಿದರೆ ಕನಕಪುರ ರಸ್ತೆ ಹಾಗೂ ಮೈಸೂರು ರಸ್ತೆ ಸಿಗುತ್ತವೆ. ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರ, ಬನಶಂಕರಿಗಳ ಮೂಲಕ ಹೋಗುವ ಹೊರ ವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಅಂಗಡಿ, ಮನೆಗಳಿದ್ದು, ಅಡ್ಡರಸ್ತೆಗಳ ವಾಹನಗಳೂ ಅದನ್ನು ಸೇರುತ್ತವೆ. ನೈಸ್ ರಸ್ತೆಗೆ ನಿಗದಿತ ಸ್ಥಳಗಳಲ್ಲಿ ಮಾತ್ರ ಪ್ರವೇಶವಿದೆ. ಆದ್ದರಿಂದ ಇಳಿಯಬೇಕಾದ ತಿರುವನ್ನು ತಪ್ಪಿಸಿಕೊಂಡ ಚಾಲಕರು ಮುಂದಿನ ನಿರ್ಗಮನದವರೆಗೆ ಹೋಗಬೇಕಾಗುತ್ತದೆ.

ದ್ವಿಚಕ್ರ ವಾಹನಗಳಿಗೂ ಇಲ್ಲಿ ಸುಂಕವಿದೆ. ಅಪಘಾತಗಳ ಹಿನ್ನೆಲೆಯಲ್ಲಿ, 2022ರ ಜನವರಿಯಲ್ಲಿ ಸಂಚಾರ ಪೊಲೀಸರು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ದ್ವಿಚಕ್ರ ವಾಹನಗಳ ಸಂಚಾರವನ್ನು ನಿಷೇಧಿಸಿದರು.

ಇತಿಹಾಸ

ಈ ರಸ್ತೆಯು ಬೆಂಗಳೂರು–ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಬ ದೊಡ್ಡ ಯೋಜನೆಯ ಭಾಗ. 1995ರಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿ ಬಿದ್ದು, 1997ರ ಏಪ್ರಿಲ್ 3ರಂದು ರಾಜ್ಯ ಸರ್ಕಾರ ಮತ್ತು ಸಂಸ್ಥೆಯ ನಡುವೆ ಚೌಕಟ್ಟು ಒಪ್ಪಂದವಾಯಿತು. ಮೈಸೂರಿಗೆ 111 ಕಿ.ಮೀ. ವೇಗಮಾರ್ಗ ಮತ್ತು ದಾರಿಯುದ್ದಕ್ಕೂ ಐದು ಉಪನಗರಗಳು ಯೋಜನೆಯಲ್ಲಿದ್ದವು. ಇದಕ್ಕಾಗಿ ಒಟ್ಟು 20,193 ಎಕರೆ ಭೂಮಿಯನ್ನು ಗುರುತಿಸಲಾಗಿತ್ತು.

ಅಗತ್ಯಕ್ಕಿಂತ ಹೆಚ್ಚು ಭೂಮಿಯನ್ನು ಪಡೆಯಲಾಗುತ್ತಿದೆ ಎಂಬ ಆಕ್ಷೇಪವು ದೀರ್ಘ ವ್ಯಾಜ್ಯಕ್ಕೆ ಕಾರಣವಾಯಿತು. 2006ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಯೋಜನೆಯನ್ನು ಎತ್ತಿಹಿಡಿಯಿತು. ಟಿ.ಬಿ. ಜಯಚಂದ್ರ ಅಧ್ಯಕ್ಷತೆಯ ಸದನ ಸಮಿತಿಯು 2016ರಲ್ಲಿ ಯೋಜನೆಯ ಅನುಷ್ಠಾನವನ್ನು ಟೀಕಿಸಿ ವರದಿ ಸಲ್ಲಿಸಿತು. ಮೈಸೂರಿನವರೆಗಿನ ವೇಗಮಾರ್ಗ ಪೂರ್ಣಗೊಳ್ಳಲಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಪ್ರತ್ಯೇಕ ಯೋಜನೆಯಾಗಿದೆ.

ಭೂಪರಿಹಾರ

ಯೋಜನೆಗಾಗಿ 2003ರಲ್ಲಿ ಅಧಿಸೂಚನೆ ಹೊರಡಿಸಿ, 2005ರಲ್ಲಿ ಸ್ವಾಧೀನಕ್ಕೆ ಪಡೆದ ಕೆಲವು ನಿವೇಶನಗಳ ಮಾಲೀಕರಿಗೆ ವರ್ಷಗಳ ಕಾಲ ಪರಿಹಾರ ನಿಗದಿಯಾಗಲಿಲ್ಲ. ನ್ಯಾಯಾಂಗ ನಿಂದನೆ ಪ್ರಕರಣದ ಬಳಿಕ, 2019ರ ಏಪ್ರಿಲ್ 22ರಂದು ಭೂಸ್ವಾಧೀನಾಧಿಕಾರಿಯು ಪರಿಹಾರದ ಆದೇಶ ಹೊರಡಿಸಿದರು. 2025ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯವು, 2019ರ ಅದೇ ದಿನಾಂಕದ ಮಾರುಕಟ್ಟೆ ಬೆಲೆಯಂತೆ ಪರಿಹಾರ ನಿಗದಿಪಡಿಸಲು ಆದೇಶಿಸಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿದಿಲ್ಲವಾದರೂ, ಸಂವಿಧಾನದ 300ಎ ವಿಧಿಯಡಿ ಅದು ಸಾಂವಿಧಾನಿಕ ಹಕ್ಕಾಗಿದೆ. ಪರಿಹಾರವನ್ನು ವಿಳಂಬಗೊಳಿಸಿ ಹಳೆಯ ಬೆಲೆಯನ್ನು ನೀಡುವುದು ಆ ಹಕ್ಕಿಗೆ ಸಲ್ಲದು ಎಂಬುದು ತೀರ್ಪಿನ ಸಾರ.

ಅಪೂರ್ಣ ವರ್ತುಲ

ನೈಸ್ ರಸ್ತೆಯು ಬೆಂಗಳೂರಿನ ಸುತ್ತ ಅರ್ಧ ವರ್ತುಲವನ್ನಷ್ಟೇ ರೂಪಿಸುತ್ತದೆ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ ಮತ್ತು ಹಳೆ ಮದ್ರಾಸು ರಸ್ತೆಗಳ ಮೂಲಕ ಹೊಸೂರು ರಸ್ತೆಯವರೆಗಿನ ಉಳಿದ ಅರ್ಧಕ್ಕಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಪೆರಿಫೆರಲ್ ವರ್ತುಲ ರಸ್ತೆಯನ್ನು ಯೋಜಿಸಿದೆ. ಇದನ್ನು ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಮರುನಾಮಕರಣ ಮಾಡಲಾಗಿದೆ. ಆ ಯೋಜನೆಯೂ ಭೂಸ್ವಾಧೀನ ಮತ್ತು ಪರಿಹಾರದ ವಿವಾದಗಳಿಂದ ವಿಳಂಬಗೊಂಡಿದೆ.