ಮಣ್ಣಿನ ಮಗಳು: ಗ್ರೀಕ್ ಪುರಾಣದಿಂದ ಚಿತ್ರಕಥೆಗೆ

ಗ್ರೀಕರ ಪುರಾಣಗಳಲ್ಲಿ ಅಮೆಜಾನರೆಂಬ ವೀರವನಿತೆಯರ ಕುಲವೊಂದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಪ್ಪು ಸಮುದ್ರದ ದಕ್ಷಿಣ ತೀರದಲ್ಲಿ, ಥರ್ಮೊಡಾನ್ ನದಿಯ ಬಳಿ ಇದ್ದಿತೆನ್ನಲಾದ ಥೆಮಿಸ್ಕಿರಾ ಅವರ ನೆಲೆ. ಹೋಮರನ ಇಲಿಯಡ್ ಕಾವ್ಯವೇ ಅವರನ್ನು ಗಂಡಸರಿಗೆ ಸರಿಸಮಾನರೆಂದು ಕರೆದಿದೆ. ಆದರೆ ಆ ಕಥೆಗಳು ಮುಗಿಯುವ ಬಗೆಯನ್ನು ಗಮನಿಸಬೇಕು. ಹೆರಾಕ್ಲಿಸನು ತನ್ನ ಒಂಬತ್ತನೆಯ ಸಾಹಸವಾಗಿ ರಾಣಿ ಹಿಪ್ಪೊಲಿಟಳ ನಡುಪಟ್ಟಿಯನ್ನು ತರುತ್ತಾನೆ. ಹಲವು ಪಾಠಗಳಲ್ಲಿ ಆಕೆ ಅವನ ಕೈಯಿಂದಲೇ ಹತಳಾಗುತ್ತಾಳೆ. ಟ್ರಾಯ್ ನಗರದ ನೆರವಿಗೆ ಬಂದ ಪೆಂಥೆಸಿಲಿಯಾ ಅಕಿಲೀಸನಿಗೆ ಬಲಿಯಾಗುತ್ತಾಳೆ. ಅಮೆಜಾನಳನ್ನು ಶೂರಳೆಂದು ಹೊಗಳುವುದು, ಕೊನೆಗೆ ಸೋಲಿಸುವುದು, ಇದು ಗ್ರೀಕ್ ಕಥೆಗಾರರ ವಾಡಿಕೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ ಪ್ರಮೀಳೆಯ ಸ್ತ್ರೀರಾಜ್ಯ ನೆನಪಾಗದಿರದು. ಅಲ್ಲಿ ಮರಣವಿಲ್ಲ, ಅರ್ಜುನನೊಡನೆ ವಿವಾಹವಿದೆ.

ಈ ವಾಡಿಕೆಯನ್ನು ಮುರಿದದ್ದು ಯಾವ ಮಹಾಕಾವ್ಯವೂ ಅಲ್ಲ; ಅಮೆರಿಕದಲ್ಲಿ ಮಕ್ಕಳು ಹತ್ತು ಸೆಂಟು ಕೊಟ್ಟು ಕೊಳ್ಳುತ್ತಿದ್ದ ಒಂದು ಚಿತ್ರಕಥಾ ಪುಸ್ತಕ. 1941ರ ಕೊನೆಯಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ ಪತ್ರಿಕೆಯ ಎಂಟನೆಯ ಸಂಚಿಕೆಯಲ್ಲಿ ‘ವಂಡರ್ ವುಮನ್’ ಮೊದಲು ಕಾಣಿಸಿಕೊಂಡಳು. 1942ರಲ್ಲಿ ಆಕೆಯ ಹೆಸರಿನದೇ ಪತ್ರಿಕೆ ಹೊರಟಿತು. ಚಿತ್ರಗಳನ್ನು ಬರೆದವರು ಹೆಚ್. ಜಿ. ಪೀಟರ್, ಕಥೆಯನ್ನು ರಚಿಸಿದವರು ಚಾರ್ಲ್ಸ್ ಮೌಲ್ಟನ್ ಎಂಬ ಹೆಸರಿನ ಮರೆಯಲ್ಲಿದ್ದ ವಿಲಿಯಂ ಮೌಲ್ಟನ್ ಮಾರ್ಸ್ಟನ್.

ಮಾರ್ಸ್ಟನ್ ವೃತ್ತಿಯಿಂದ ಕಥೆಗಾರರಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನನ್ನೂ ಮನಃಶಾಸ್ತ್ರವನ್ನೂ ವ್ಯಾಸಂಗ ಮಾಡಿದ ವಿದ್ವಾಂಸರು. ಸುಳ್ಳು ಹೇಳುವಾಗ ಮನುಷ್ಯನ ರಕ್ತದ ಒತ್ತಡ ಏರುತ್ತದೆಂಬ ತತ್ತ್ವದ ಮೇಲೆ ಅವರು ಸುಳ್ಳುಪತ್ತೆಯ ಪರೀಕ್ಷೆಯೊಂದನ್ನು ರೂಪಿಸಿದ್ದರು. 1923ರಲ್ಲಿ ವಾಷಿಂಗ್‌ಟನ್ನಿನ ಮೇಲ್ಮನವಿ ನ್ಯಾಯಾಲಯವು, ವಿಜ್ಞಾನಿಗಳ ವಲಯದಲ್ಲಿ ಈ ಪರೀಕ್ಷೆಗೆ ಇನ್ನೂ ಮನ್ನಣೆ ದೊರೆತಿಲ್ಲವೆಂದು ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲಿಲ್ಲ. ನ್ಯಾಯಾಲಯ ಒಪ್ಪದ ಸಾಧನವನ್ನು ಅವರು ನಾಯಕಿಯ ಕೈಗೆ ಚಿನ್ನದ ಹಗ್ಗವಾಗಿ ಕೊಟ್ಟರೆಂದು ಅನೇಕರು ವಿನೋದವಾಗಿ ಬರೆದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಮಾರ್ಸ್ಟನ್ನರ ಕಥೆಗಳಲ್ಲಿ ಆ ಹಗ್ಗಕ್ಕೆ ಸಿಕ್ಕಿದವರು ಅದನ್ನು ಹಿಡಿದವರ ಯಾವ ಆಜ್ಞೆಯನ್ನಾದರೂ ಪಾಲಿಸಲೇಬೇಕಿತ್ತು. ನಿಜ ನುಡಿಯುವುದು ಅಂಥ ಆಜ್ಞೆಗಳಲ್ಲೊಂದು ಮಾತ್ರ. ಅದನ್ನೇ ಹಗ್ಗದ ಮುಖ್ಯ ಗುಣವಾಗಿಸಿದವರು ನಂತರದ ಲೇಖಕರು.

ಪುರಾಣವನ್ನು ಮಾರ್ಸ್ಟನ್ ತಿದ್ದಿದ ಕ್ರಮ ಕುತೂಹಲಕರವಾಗಿದೆ. ಅವರ ಕಥೆಯಲ್ಲಿ ಹರ್ಕ್ಯುಲಿಸನು ಯುದ್ಧದಲ್ಲಿ ರಾಣಿಯನ್ನು ಗೆಲ್ಲುವುದಿಲ್ಲ. ಸ್ನೇಹದ ಸೋಗಿನಲ್ಲಿ ನಡುಪಟ್ಟಿಯನ್ನು ಅಪಹರಿಸಿ, ಅಮೆಜಾನರನ್ನು ಸಂಕೋಲೆಗಳಲ್ಲಿ ಕಟ್ಟಿಹಾಕುತ್ತಾನೆ. ಅಫ್ರೊಡೈಟಿ ದೇವಿಯ ಅನುಗ್ರಹದಿಂದ ಅವರು ಬಿಡುಗಡೆ ಹೊಂದಿ, ಗಂಡಸರು ಕಾಲಿಡದ ದ್ವೀಪವೊಂದನ್ನು ಸೇರುತ್ತಾರೆ. ಗುಂಡುಗಳನ್ನು ತಡೆಯಲು ನಾಯಕಿ ಬಳಸುವ ಕೈಕಡಗಗಳು ಮೂಲತಃ ಒಡವೆಗಳಲ್ಲ. ಆ ದಾಸ್ಯವನ್ನು ಮರೆಯದಿರಲೆಂದು ದೇವಿ ವಿಧಿಸಿದ ಗುರುತುಗಳು. ಗಂಡಸೊಬ್ಬನು ಅವುಗಳಿಗೆ ಸರಪಣಿಯನ್ನು ಬೆಸೆದರೆ ಆಕೆಯ ಶಕ್ತಿಯೆಲ್ಲ ಉಡುಗಿಹೋಗುತ್ತದೆ.

ಇನ್ನು ಆಕೆಯ ಜನನ. ರಾಣಿಯು ಮಣ್ಣಿನಿಂದ ಮಗುವಿನ ಬೊಂಬೆಯೊಂದನ್ನು ಮಾಡುತ್ತಾಳೆ. ಅಫ್ರೊಡೈಟಿ ಅದಕ್ಕೆ ಪ್ರಾಣವನ್ನೀಯುತ್ತಾಳೆ. ಇಲ್ಲಿ ಎರಡು ಗ್ರೀಕ್ ಕಥೆಗಳ ಎಳೆಗಳು ಹೆಣೆದುಕೊಂಡಿವೆ. ಮಣ್ಣಿನಿಂದ ರೂಪುಗೊಂಡ ಪಂಡೋರಾ ಜಗತ್ತಿಗೆ ಕೇಡನ್ನು ತಂದವಳು. ಪಿಗ್ಮೇಲಿಯನ್ನನ ಪ್ರತಿಮೆಗೆ ಜೀವ ಬಂದದ್ದು ಒಬ್ಬ ಗಂಡಸಿನ ಬಯಕೆಯನ್ನು ಈಡೇರಿಸಲೆಂದು. ಮಾರ್ಸ್ಟನ್ ಕೇಡನ್ನೂ ಬಿಟ್ಟರು, ಆ ಬಯಕೆಯನ್ನೂ ಬಿಟ್ಟರು. ತಾಯಿಯೊಬ್ಬಳ ಹಂಬಲವನ್ನು ಮಾತ್ರ ಉಳಿಸಿಕೊಂಡರು. ಮಗುವಿಗೆ ತಂದೆಯೇ ಇಲ್ಲ. ಗ್ರೀಕ್ ತಾಯಿಯ ಮಗಳಿಗೆ ಡಯಾನಾ ಎಂಬ ರೋಮನ್ ಹೆಸರನ್ನಿಟ್ಟದ್ದು, ಅಥೀನಾಳ ಪಕ್ಕದಲ್ಲಿ ಮರ್ಕ್ಯುರಿಯನ್ನು ನಿಲ್ಲಿಸಿದ್ದು ಪಂಡಿತರ ಕಣ್ಣಿಗೆ ದೋಷವೇ ಸರಿ. ಆದರೆ ಆ ಪತ್ರಿಕೆಯನ್ನು ಓದುತ್ತಿದ್ದ ಮಕ್ಕಳು ಪಂಡಿತರಾಗಿರಲಿಲ್ಲ.

ಆ ಮಕ್ಕಳ ಹಿತವನ್ನು ಕುರಿತೇ ವಿವಾದವೆದ್ದಿತು. ನಾಯಕಿ ಮೊದಲು ಕಾಣಿಸಿಕೊಳ್ಳುತ್ತಿದ್ದ ‘ಸೆನ್ಸೇಷನ್ ಕಾಮಿಕ್ಸ್’ ಪತ್ರಿಕೆಯನ್ನು 1942ರಲ್ಲಿಯೇ ಕ್ಯಾಥೊಲಿಕ್ ಸಂಸ್ಥೆಯೊಂದು ಎಳೆಯರಿಗೆ ತಕ್ಕುದಲ್ಲದವುಗಳ ಪಟ್ಟಿಗೆ ಸೇರಿಸಿತು. ಉಡುಪು ಸಾಲದೆಂಬುದು ಆಕ್ಷೇಪ. ಇದಕ್ಕಿಂತ ತೂಕದ ಆಕ್ಷೇಪ ಜೊಸೆಟ್ ಫ್ರಾಂಕ್ ಅವರದು. ಮಕ್ಕಳ ಓದಿನ ತಜ್ಞರಾದ ಅವರು ಪ್ರಕಾಶಕರ ಸಲಹಾ ಮಂಡಲಿಯಲ್ಲೇ ಇದ್ದವರು. ಪುಟಪುಟಕ್ಕೂ ಹೆಂಗಸರನ್ನು ಸರಪಣಿಯಲ್ಲಿ ಕಟ್ಟಿ ತೋರಿಸುವುದನ್ನು ವಿರೋಧಿಸಿ 1943ರಲ್ಲಿ ಪ್ರಕಾಶಕ ಗೇನ್ಸ್ ಅವರಿಗೆ ಪತ್ರ ಬರೆದರು. ಕಡೆಗೆ ಮಂಡಲಿಯಿಂದಲೇ ಹೊರಬಂದರು. ಮನೋವೈದ್ಯೆ ಲಾರೆಟಾ ಬೆಂಡರ್ ಮಾತ್ರ ಚಿತ್ರಕಥೆಯ ಪರ ನಿಂತರು. ಸರಪಣಿಯನ್ನು ಕಡಿಯುವುದನ್ನು ತೋರಿಸಲು ಮೊದಲು ಸರಪಣಿಯನ್ನು ತೋರಿಸಬೇಕಲ್ಲವೆ ಎಂಬ ವಾದದಲ್ಲಿ ಹುರುಳಿದೆ. ಆದರೂ ಆ ಸಂಚಿಕೆಗಳನ್ನು ಇಂದು ತಿರುವಿಹಾಕಿದರೆ, ಕಡಿಯುವ ಗಳಿಗೆಗಿಂತ ಕಟ್ಟುವ ಗಳಿಗೆಗಳೇ ಹೆಚ್ಚಾಗಿ ಕಾಣುತ್ತವೆ. ಫ್ರಾಂಕ್ ಅವರ ಅಳುಕು ನಿರಾಧಾರವಾಗಿರಲಿಲ್ಲ.

ಇದೇ ಪತ್ರಿಕೆಯಲ್ಲಿ ಇತಿಹಾಸದ ಮಹಿಳೆಯರ ಜೀವನಚಿತ್ರಗಳೂ ಪ್ರಕಟವಾಗುತ್ತಿದ್ದುದನ್ನು ಮರೆಯಲಾಗದು. ಫ್ಲಾರೆನ್ಸ್ ನೈಟಿಂಗೇಲ್ ಅವರಿಂದ ಆರಂಭವಾದ ಆ ಮಾಲೆಯೊಡನೆ ಟೆನಿಸ್ ಆಟಗಾರ್ತಿ ಆಲಿಸ್ ಮಾರ್ಬಲ್ ಅವರ ಹೆಸರು ಕೂಡಿಕೊಂಡಿದೆ.

1947ರಲ್ಲಿ ಮಾರ್ಸ್ಟನ್ ತೀರಿಕೊಂಡರು. ಬಳಿಕ ಕಥೆಯ ಹೊಣೆ ರಾಬರ್ಟ್ ಕ್ಯಾನಿಗರ್ ಅವರಿಗೆ ಬಂದಿತು. ನಾಯಕಿ ಪ್ರೇಮ, ವಿವಾಹಗಳ ಚಿಂತೆಯಲ್ಲಿ ಹೆಚ್ಚು ಹೆಚ್ಚಾಗಿ ತೊಡಗಿದಳು. 1968ರಲ್ಲಂತೂ ದಿವ್ಯಶಕ್ತಿಯನ್ನೆಲ್ಲ ತೊರೆದು ಬಟ್ಟೆ ಅಂಗಡಿಯನ್ನು ತೆರೆದಳು. ಮಾರ್ಸ್ಟನ್ನರ ಕಥೆಗಳನ್ನು ಓದಿ ಬೆಳೆದ ಪತ್ರಕರ್ತೆ ಗ್ಲೋರಿಯಾ ಸ್ಟೈನಮ್ ಮತ್ತು ಆಕೆಯ ಸಂಗಡಿಗರು 1972ರ ಜುಲೈನಲ್ಲಿ ತಮ್ಮ ‘ಮಿಸ್’ ಪತ್ರಿಕೆಯ ಮುಖಪುಟದಲ್ಲಿ ಹಳೆಯ ನಾಯಕಿಯನ್ನೇ ರಾಷ್ಟ್ರಾಧ್ಯಕ್ಷ ಪದವಿಗೆ ತಕ್ಕವಳೆಂದು ಚಿತ್ರಿಸಿದರು. ಮರುವರ್ಷವೇ ಆಕೆಗೆ ಶಕ್ತಿ ಮರಳಿತು.

1987ರಲ್ಲಿ ಜಾರ್ಜ್ ಪೆರೆಜ್ ಕಥೆಯನ್ನು ಮೊದಲಿನಿಂದ ಕಟ್ಟಿದಾಗ ಗ್ರೀಕ್ ಪುರಾಣ ನಿಜವಾಗಿ ಅದರೊಳಕ್ಕೆ ಬಂದಿತೆನ್ನಬೇಕು. ಮಾರ್ಸ್ ದೇವತೆ ಏರಿಸನಾದನು. ದ್ವೀಪಕ್ಕೆ ಥೆಮಿಸ್ಕಿರಾ ಎಂಬ ಹೆಸರು ಬಂದಿತು. ಗಂಡಸರ ಕ್ರೌರ್ಯಕ್ಕೆ ಬಲಿಯಾದ ಸ್ತ್ರೀಯರ ಆತ್ಮಗಳೇ ಅಮೆಜಾನರಾಗಿ ಮರುಹುಟ್ಟು ಪಡೆದವೆಂದು ಪೆರೆಜ್ ಕಲ್ಪಿಸಿದರು. ಇಡೀ ಕಥಾಪರಂಪರೆಯಲ್ಲಿ ಇಷ್ಟು ಗಂಭೀರವಾದ ಕಲ್ಪನೆ ಇನ್ನೊಂದಿಲ್ಲ.

2011ರಲ್ಲಿ ಲೇಖಕ ಬ್ರಯನ್ ಅಜರೆಲೊ ಬೇರೆ ದಾರಿ ಹಿಡಿದರು. ಮಣ್ಣಿನ ಕಥೆ ತಾಯಿ ಹೇಳಿದ ಸುಳ್ಳು. ಡಯಾನಾ ವಾಸ್ತವವಾಗಿ ದೇವರಾಜ ಜ್ಯೂಸನ ಮಗಳು. ಗ್ರೀಕ್ ಪುರಾಣಕ್ಕೆ ಇದು ಹತ್ತಿರವೆಂಬುದು ನಿಜ. ಜ್ಯೂಸನಿಗೆ ಜನಿಸದ ವೀರರೇ ಅಲ್ಲಿ ವಿರಳ. ಆದರೆ ಹೀಗೆ ಮಾಡಿದಾಗ ಆಕೆ ಹೆರಾಕ್ಲಿಸನ ತಂಗಿಯಾಗುತ್ತಾಳೆ, ಅವಳ ಶಕ್ತಿ ತಂದೆಯಿಂದ ಬಂದ ಪಿತ್ರಾರ್ಜಿತವಾಗುತ್ತದೆ. ಮಾರ್ಸ್ಟನ್ ತೆಗೆದುಹಾಕಿದ್ದೇ ಮರಳಿ ಬಂದಂತಾಯಿತು. ಪ್ಯಾಟಿ ಜೆಂಕಿನ್ಸ್ ನಿರ್ದೇಶನದ 2017ರ ಚಲನಚಿತ್ರವೂ ಈ ಜನ್ಮವೃತ್ತಾಂತವನ್ನೇ ಆರಿಸಿಕೊಂಡಿತು. ಅದರಲ್ಲಿ ಬಾಲೆಗೆ ಮಣ್ಣಿನ ಕಥೆಯನ್ನು ಹೇಳುವವಳು ತಾಯಿ. ಜ್ಯೂಸನೇ ತಂದೆಯೆಂಬ ಮಾತನ್ನು ಆಕೆ ಕೇಳುವುದು ಯುದ್ಧದೇವತೆಯೂ ಶತ್ರುವೂ ಆದ ಏರಿಸನ ಬಾಯಿಂದ.