ಕಪಾಟಿನಲ್ಲಿರುವ ಕಾರ್ಡಿಗೆ ಜೀವ ಇದೆಯೇ?

ಕೃಷ್ಣೆಗೆ ಮಲಪ್ರಭೆ ಬಂದು ಸೇರುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳ ನೋಡಬೇಕೆಂದರೆ ಬಾವಿಯಂಥ ಕಟ್ಟಡದೊಳಗೆ ಮೆಟ್ಟಿಲಿಳಿದು ಹೋಗಬೇಕು. ಹೊರಗೆ ಸುತ್ತುವರಿದು ನಿಲ್ಲುವುದು ನಾರಾಯಣಪುರ ಅಣೆಕಟ್ಟಿನ, ಅಂದರೆ ಬಸವಸಾಗರದ ಹಿನ್ನೀರು. ಇದೇ ಹಿನ್ನೀರನ್ನು ಎತ್ತಿ ಹುನಗುಂದ ತಾಲ್ಲೂಕಿನ ಎರೆಹೊಲಗಳಿಗೆ ಹನಿ ಹನಿಯಾಗಿ ಉಣಿಸಲು ಹೊರಟದ್ದು ರಾಮಥಾಳ ಏತ ನೀರಾವರಿ ಯೋಜನೆಯ ಎರಡನೇ ಹಂತ. ಮರೋಳ ಯೋಜನೆ ಎಂದೂ ಇದಕ್ಕೆ ಹೆಸರಿದೆ. ವಿಸ್ತಾರ ಸುಮಾರು 24,000 ಹೆಕ್ಟೇರ್. ಕೃಷ್ಣಾ ಭಾಗ್ಯ ಜಲ ನಿಗಮ ಕೈಗೊಂಡ ಈ ಕೆಲಸವನ್ನು ಜೈನ್ ಇರಿಗೇಶನ್ ಮತ್ತು ನೆಟಾಫಿಮ್ ಕಂಪನಿಗಳು ಎರಡು ಪಾಲಾಗಿ ಮಾಡಿದವು. ಸಮುದಾಯ ಹನಿ ನೀರಾವರಿಯಲ್ಲಿ ಏಷ್ಯಾದಲ್ಲೇ ದೊಡ್ಡದು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಇಷ್ಟು ಹೊಲಗಳ ವಾಲ್ವುಗಳನ್ನು ಪಾಳಿ ತಪ್ಪದಂತೆ ಕೈಯಿಂದ ತಿರುಗಿಸುವುದು ಆಗದ ಮಾತು. ಹಾಗಾಗಿ ಪಂಪು, ಫಿಲ್ಟರು, ವಾಲ್ವುಗಳ ಮೇಲೆ ದೂರದಿಂದಲೇ ನಿಗಾ ಇಡುವ ಸ್ವಯಂಚಾಲಿತ ವ್ಯವಸ್ಥೆಯನ್ನೂ ಯೋಜನೆಯ ಜೊತೆಗೇ ಹಾಕಿದರು. ಇಂಥ ವ್ಯವಸ್ಥೆಗೆ ಸ್ಕಾಡಾ ಎನ್ನುತ್ತಾರೆ. ಸಾಮಾನ್ಯವಾಗಿ ಹೊಲದ ಅಂಚಿನಲ್ಲಿ ಆರ್‌ಟಿಯು ಎಂಬ ಪೆಟ್ಟಿಗೆ ಇರುತ್ತದೆ, ಪಂಪ್‌ಹೌಸಿನ ಪ್ಯಾನಲ್‌ನಲ್ಲಿ ಪಿಎಲ್‌ಸಿ ಎಂಬ ನಿಯಂತ್ರಕ ಕಂಪ್ಯೂಟರ್ ಇರುತ್ತದೆ. ಪ್ಯಾನಲ್ ಬಾಗಿಲು ತೆರೆದರೆ ಒಂದು ಪಟ್ಟಿಯ ಮೇಲೆ ಕಾರ್ಡುಗಳು ಸಾಲಾಗಿ ಕೂತಿರುತ್ತವೆ. ಒಂದು ವಿದ್ಯುತ್ ಕೊಡುತ್ತದೆ, ಒಂದು ಲೆಕ್ಕ ಹಾಕುತ್ತದೆ, ಕೆಲವು ಸೆನ್ಸರಿನ ಅಳತೆ ಓದಿ ವಾಲ್ವಿಗೆ ಆಜ್ಞೆ ಕೊಡುತ್ತವೆ. ಸಾಲಿನ ತುದಿಯಲ್ಲಿ ಅಂಗೈಯಗಲದ ಇನ್ನೊಂದು ಕಾರ್ಡು ಇರುತ್ತದೆ. ಇಲ್ಲಿ ನಡೆದದ್ದನ್ನು ಕಂಟ್ರೋಲ್ ರೂಮಿಗೆ ಹೇಳುವುದು, ಅಲ್ಲಿಂದ ಬಂದ ಆಜ್ಞೆಯನ್ನು ಇಲ್ಲಿಗೆ ತಲುಪಿಸುವುದು, ಇಷ್ಟೇ ಅದರ ಕೆಲಸ. ಅದೇ ಸಂವಹನ ಮಾಡ್ಯೂಲ್. ಕೆಲಸಗಾರರ ಬಾಯಲ್ಲಿ ‘ಕಮ್ಯುನಿಕೇಶನ್ ಕಾರ್ಡು’.

ಈ ಕಾರ್ಡು ಸತ್ತರೆ ಪಂಪು ಗಟ್ಟಿಯಾಗಿಯೇ ಇರುತ್ತದೆ, ವಾಲ್ವೂ ಸರಿಯಾಗಿರುತ್ತದೆ, ಪೈಪಿನಲ್ಲಿ ನೀರೂ ಇರುತ್ತದೆ. ಕಂಟ್ರೋಲ್ ರೂಮಿನ ಪರದೆಯಲ್ಲಿ ಮಾತ್ರ ಆ ಭಾಗ ಬೂದುಬಣ್ಣಕ್ಕೆ ತಿರುಗುತ್ತದೆ. ಹೊಲದ ವಾಲ್ವುಗಳಲ್ಲಿ ಹೆಚ್ಚಾಗಿ ಬಳಸುವುದು ಲ್ಯಾಚಿಂಗ್ ಸೊಲೆನಾಯ್ಡ್. ತೆರೆಯಲು ಒಂದು ಕ್ಷಣದ ವಿದ್ಯುತ್, ಮುಚ್ಚಲು ಇನ್ನೊಂದು ಕ್ಷಣದ ವಿದ್ಯುತ್. ನಡುವೆ ಏನೂ ಬೇಡ. ಬ್ಯಾಟರಿ, ಸೌರಫಲಕದ ಮೇಲೆ ನಡೆಯುವ ಹೊಲಕ್ಕೆ ಇದು ಹೇಳಿ ಮಾಡಿಸಿದ ಉಪಕರಣ. ಆದರೆ ವಾಲ್ವ್ ತೆರೆದಿರುವಾಗಲೇ ಸಂಪರ್ಕ ಕಡಿದರೆ ಅದು ತೆರೆದೇ ಇರುತ್ತದೆ. ಮುಚ್ಚು ಎಂಬ ಆಜ್ಞೆ ತಲುಪುವುದಿಲ್ಲ, ತಲುಪಿಲ್ಲ ಎಂಬ ಸುದ್ದಿಯೂ ಬರುವುದಿಲ್ಲ. ಒಬ್ಬರ ಕಡಲೆ ಹೊಲ ಕೆಸರಾಗುತ್ತದೆ, ತುದಿಯವರ ಮೆಣಸಿನಗಿಡ ಬಾಡುತ್ತದೆ. ಸಂಪರ್ಕ ಕಡಿದು ಇಷ್ಟು ನಿಮಿಷವಾದರೆ ವಾಲ್ವನ್ನು ತಾನಾಗಿಯೇ ಮುಚ್ಚು ಎಂಬ ಸೂಚನೆಯನ್ನು ಆರ್‌ಟಿಯು ಒಳಗೇ ಬರೆದಿಡಬಹುದು. ಬರೆದಿದ್ದಾರೋ ಇಲ್ಲವೋ ಎಂಬುದನ್ನು ಪ್ರತಿ ಯೋಜನೆಯಲ್ಲೂ ಮೊದಲು ಕೇಳಬೇಕು.

ಈ ನಾಡಿನ ಹವೆಗೆ ಕಾರ್ಡುಗಳು ಕೆಡುವ ಬಗೆಯೂ ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಸಿಡಿಲು ಪೆಟ್ಟಿಗೆಗೆ ನೇರವಾಗಿ ಬಡಿಯಬೇಕೆಂದೇನಿಲ್ಲ. ದೂರದಲ್ಲಿ ಬಿದ್ದರೂ ಉದ್ದನೆಯ ತಂತಿಯಲ್ಲಿ, ಆಂಟೆನಾದಲ್ಲಿ ಹುಟ್ಟುವ ಅಬ್ಬರದ ವೋಲ್ಟೇಜು ಮೊದಲು ಸುಡುವುದು ಹೊರಲೋಕಕ್ಕೆ ತೆರೆದುಕೊಂಡಿರುವ ಈ ಕಾರ್ಡನ್ನೇ. ಅದನ್ನು ನೆಲಕ್ಕಿಳಿಸಲು ಸರ್ಜ್ ಪ್ರೊಟೆಕ್ಟರ್ ಮತ್ತು ಅರ್ಥಿಂಗ್ ಇರುತ್ತವೆ. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕುಬಿಡುತ್ತದೆ. ಅರ್ಥ್ ಸರಳಿಗೂ ಮಣ್ಣಿಗೂ ನಡುವೆ ಸಂದು ಬಿದ್ದು ಅದರ ರೋಧ ಏರುತ್ತದೆ. ಅಂದರೆ ಸಿಡಿಲಿನ ಕಾಲ ಬರುವ ಹೊತ್ತಿಗೇ ಸಿಡಿಲಿಗೆ ನೆಲದ ದಾರಿ ಮುಚ್ಚಿಹೋಗಿರುತ್ತದೆ. ಮಾರ್ಚ್ ತಿಂಗಳಲ್ಲೇ ಅರ್ಥ್ ಗುಂಡಿಗೆ ನೀರು ಹಾಕಿ ಮೀಟರಿನಲ್ಲಿ ಅಳೆಯುವುದು ಬಹಳ ಅಗ್ಗದ ಕೆಲಸ, ಹಾಗೆಯೇ ಬಹಳ ಬೇಗ ಮರೆತುಹೋಗುವ ಕೆಲಸ. ಇದರ ಮೇಲೆ ಧೂಳು, ಬಿಸಿಲಿಗೆ ಕಾದ ತಗಡಿನ ಪೆಟ್ಟಿಗೆಯ ಸೆಕೆ, ಕೇಬಲ್ ತೂತಿನಿಂದ ನುಗ್ಗುವ ಇರುವೆ, ಹಲ್ಲಿ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಮಾತೇಕೆ ಎನ್ನುವವರಿಗೆ ಉಕ್ರೇನಿನ ಘಟನೆ ಹೇಳಬೇಕು. 2015ರ ಡಿಸೆಂಬರ್ 23ರಂದು ಅಲ್ಲಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಜಾಲಕ್ಕೆ ನುಗ್ಗಿದ ದಾಳಿಕೋರರು ಸಬ್‌ಸ್ಟೇಶನ್ನುಗಳ ಬ್ರೇಕರುಗಳನ್ನು ದೂರದಿಂದಲೇ ತೆಗೆದು ಸುಮಾರು 2,25,000 ಗ್ರಾಹಕರನ್ನು ಕತ್ತಲೆಗೆ ದೂಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಸೀರಿಯಲ್ ತಂತಿಯ ಸಂದೇಶವನ್ನು ಈಥರ್ನೆಟ್ಟಿಗೆ ಬದಲಿಸುವ ಪುಟ್ಟ ಪೆಟ್ಟಿಗೆಗಳನ್ನು ನಡೆಸುವ ಒಳಗಿನ ತಂತ್ರಾಂಶವನ್ನೇ, ಅಂದರೆ ಫರ್ಮ್‌ವೇರ್ ಅನ್ನೇ ಕೆಡಿಸಿದರು. ಸಿಬ್ಬಂದಿ ಸಬ್‌ಸ್ಟೇಶನ್ನುಗಳಿಗೆ ಹೋಗಿ ಬ್ರೇಕರುಗಳನ್ನು ಕೈಯಿಂದಲೇ ಹಾಕಿದರು, ಕೆಲವೇ ಗಂಟೆಗಳಲ್ಲಿ ದೀಪ ಹತ್ತಿತು. ಆದರೆ ಕೆಟ್ಟ ಪೆಟ್ಟಿಗೆಗಳನ್ನು ಮತ್ತೆ ಎಬ್ಬಿಸಲಾಗಲಿಲ್ಲ, ಹೊಸದನ್ನೇ ಹಾಕಬೇಕಾಯಿತು. ತಿಂಗಳುಗಳು ಕಳೆದರೂ ನಿಯಂತ್ರಣ ಪೂರ್ತಿ ಮೊದಲಿನಂತಾಗಲಿಲ್ಲ. ದಾಳಿಕೋರರಿಗೆ ಆ ಪೆಟ್ಟಿಗೆಯ ಬೆಲೆ ಗೊತ್ತಿತ್ತು.

ಈಗ ಕಾರ್ಡು ಬದಲಿಸುವ ಕೆಲಸಕ್ಕೆ ಬರೋಣ. ‘ಸರ, ಕಾರ್ಡು ಹೋಗೇತಿ’ ಎಂದು ಫೋನು ಬಂದ ಕೂಡಲೇ ಹೊಸ ಕಾರ್ಡು ಹಿಡಿದು ಓಡುವ ಮುನ್ನ ಹಳೆಯದರ ಮೂತಿಯ ಮೇಲಿನ ದೀಪಗಳನ್ನು ನೋಡಬೇಕು. ವಿದ್ಯುತ್ತಿನ ದೀಪವೇ ಆರಿದ್ದರೆ ತಪ್ಪು ಫ್ಯೂಸಿನದಿರಬಹುದು. ಕಳಿಸುವ ದೀಪ ಮಿಣುಕುತ್ತಿದ್ದು ಪಡೆಯುವ ದೀಪ ಸುಮ್ಮನಿದ್ದರೆ ಕಾರ್ಡು ಕೂಗುತ್ತಿದೆ, ಆ ಕಡೆಯಿಂದ ಉತ್ತರವಿಲ್ಲ ಎಂದರ್ಥ. ತಂತಿ, ಆಂಟೆನಾ, ಸಿಮ್ ಮೊದಲು ನೋಡಿ. ಕಾರ್ಡೇ ಕೆಟ್ಟಿದೆ ಎಂದು ಖಾತ್ರಿಯಾದ ಮೇಲೆ ಮೊಬೈಲಿನಲ್ಲಿ ತಂತಿಗಳ ಫೋಟೋ, ಪಕ್ಕದ ಪುಟ್ಟ ಡಿಪ್ ಸ್ವಿಚ್ಚುಗಳ ಫೋಟೋ. ವಿದ್ಯುತ್ ಇರುವಾಗಲೇ ಎಳೆದು ತೆಗೆಯಬಹುದಾದ ಕಾರ್ಡುಗಳು ಕೆಲವು, ಹಾಗೆ ಎಳೆದರೆ ಪಕ್ಕದವನ್ನೂ ಸುಡುವಂಥವು ಹಲವು. ಕೈಪಿಡಿ ನೋಡದೆ ಮುಟ್ಟಬಾರದು. ಕೈಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಬೇಕು. ಒಣಹವೆಯಲ್ಲಿ ಬೆರಳ ತುದಿಯಿಂದ ಜಿಗಿಯುವ, ನಮಗೆ ತಿಳಿಯದಷ್ಟು ಸಣ್ಣ ಕಿಡಿಯೂ ಚಿಪ್ಪಿಗೆ ಸಾಕು.

ಹೊಸ ಕಾರ್ಡಿಗೆ ಹಳೆಯದರ ವಿಳಾಸ, ವೇಗ, ಪ್ಯಾರಿಟಿ ಎಲ್ಲವನ್ನೂ ಹಾಗೆಯೇ ಕೊಡಬೇಕು. ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ಮಾಡ್‌ಬಸ್ 1979ರಲ್ಲಿ ಮಾಡಿಕಾನ್ ಕಂಪನಿ ರೂಪಿಸಿದ ಭಾಷೆ. ಅದರಲ್ಲಿ ಪ್ರತಿ ಉಪಕರಣಕ್ಕೂ ಒಂದು ಸಂಖ್ಯೆ ಇರುತ್ತದೆ. ಒಂದೇ ಸಾಲಿನಲ್ಲಿ ಇಬ್ಬರಿಗೆ ಒಂದೇ ಸಂಖ್ಯೆ ಬಿದ್ದರೆ ಕರೆದಾಗ ಇಬ್ಬರೂ ಓಗೊಟ್ಟು ಯಾರ ಮಾತೂ ತಿಳಿಯದು. ಚೆನ್ನಾಗಿದ್ದ ಇನ್ನೊಂದು ಪೆಟ್ಟಿಗೆಯೂ ಕೆಟ್ಟಂತೆ ಕಾಣುತ್ತದೆ. ಆರ್‌ಎಸ್-485 ತಂತಿಯಾದರೆ ಎ, ಬಿ ಅದಲುಬದಲಾಗಬಾರದು, ಸಾಲಿನ ಎರಡೂ ತುದಿಗೆ 120 ಓಮ್ ರೋಧಕ ಇರಬೇಕು. ದೀಪ ಹತ್ತಿದ ಕೂಡಲೇ ಪ್ಯಾನಲ್ ಮುಚ್ಚಿ ಹೊರಡುವುದು ದೊಡ್ಡ ತಪ್ಪು. ಕಂಟ್ರೋಲ್ ರೂಮಿನಿಂದ ಒಂದೊಂದೇ ವಾಲ್ವಿಗೆ ಆಜ್ಞೆ ಕೊಡಿಸಿ, ಹೊಲದಲ್ಲಿ ನಿಂತವರು ನೀರು ಬಂದದ್ದನ್ನು ಕಣ್ಣಾರೆ ನೋಡಿ ಹೇಳಬೇಕು. ಪರದೆಯ ಮೇಲೆ 12ನೇ ವಾಲ್ವ್ ತೆರೆದು, ನೆಲದ ಮೇಲೆ 21ನೆಯದು ತೆರೆದರೆ ಅದಕ್ಕೆ ಹೊಣೆ ಕಾರ್ಡಲ್ಲ.

ಇದೆಲ್ಲ ನಡೆಯುವುದು ಕಪಾಟಿನಲ್ಲಿ ಸ್ಪೇರ್ ಇದ್ದರೆ. ಸ್ಟಾಕ್ ಪುಸ್ತಕದಲ್ಲಿ ‘ಕಾರ್ಡು, 4’ ಎಂದು ಬರೆದಿರುವುದಕ್ಕೂ ಕೆಲಸ ಮಾಡುವ ನಾಲ್ಕು ಕಾರ್ಡು ಇರುವುದಕ್ಕೂ ನಡುವಿನ ಅಂತರವೇ ನನ್ನನ್ನು ಕಾಡುವುದು. ಸುಮ್ಮನಿಟ್ಟ ಕಾರ್ಡಿಗೂ ವಯಸ್ಸಾಗುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನೊಳಗಿನ ಆಕ್ಸೈಡ್ ಪದರ ವರ್ಷಗಟ್ಟಲೆ ವಿದ್ಯುತ್ ಕಾಣದಿದ್ದರೆ ತೆಳುವಾಗುತ್ತದೆ. ಗಡಿಯಾರಕ್ಕೂ ನೆನಪಿಗೂ ಇಟ್ಟ ಸಣ್ಣ ಬ್ಯಾಟರಿ ಬತ್ತುತ್ತದೆ. ತೇವ ಕುಳಿತು ಪಿನ್ನುಗಳ ಮೇಲೆ ತುಕ್ಕಿನ ಪದರ ಕಟ್ಟುತ್ತದೆ. ಅದಕ್ಕೇ ಆಂಟಿಸ್ಟ್ಯಾಟಿಕ್ ಚೀಲ, ಒಳಗೆ ಸಿಲಿಕಾ ಜೆಲ್, ಅದರ ಬಣ್ಣ ತಿರುಗಿದಾಗ ಬದಲಾವಣೆ. ಇನ್ನೊಂದು ಮುಪ್ಪು ಕಣ್ಣಿಗೆ ಕಾಣದ್ದು: ಹೊಲದ ಕಾರ್ಡುಗಳಿಗೆಲ್ಲ ಹೊಸ ಫರ್ಮ್‌ವೇರ್ ಹಾಕಿರುತ್ತಾರೆ, ಕಪಾಟಿನದು ಹಳೆಯದರಲ್ಲೇ ಉಳಿದಿರುತ್ತದೆ. ಒಳ್ಳೆಯ ಪದ್ಧತಿಯೆಂದರೆ ಸ್ಪೇರನ್ನು ವರ್ಷಕ್ಕೊಮ್ಮೆ ನಿಜವಾದ ಪ್ಯಾನಲ್ಲಿಗೆ ಹಾಕಿ ನಡೆಸಿ, ಅಲ್ಲಿದ್ದದ್ದನ್ನು ಕಪಾಟಿಗೆ ತರುವುದು. ಆಗ ಸ್ಪೇರಿನ ಜೊತೆ ಬದಲಿಸುವ ಕೈಗೂ ರೂಢಿ ತಪ್ಪುವುದಿಲ್ಲ.

ಎಷ್ಟು ಇಟ್ಟುಕೊಳ್ಳಬೇಕು? ಲೆಕ್ಕಕ್ಕೆಂದು 200 ಕಾರ್ಡುಗಳಿವೆ, ಒಂದೊಂದೂ ಸರಾಸರಿ 20 ವರ್ಷಕ್ಕೊಮ್ಮೆ ಕೆಡುತ್ತದೆ ಎಂದುಕೊಳ್ಳಿ. ವರ್ಷಕ್ಕೆ ಸುಮಾರು 10 ಕೆಡುತ್ತವೆ. ಆರ್ಡರ್ ಕೊಟ್ಟು ಹೊಸದು ಬರಲು 3 ತಿಂಗಳಾದರೆ ಆ ಅವಧಿಯಲ್ಲಿ ಕೆಡುವುದು ಸರಾಸರಿ 2.5. ಮೂರಿಟ್ಟರೆ ಸಾಕೆನಿಸುತ್ತದೆ. ಆದರೆ ಸರಾಸರಿಯ ಸುತ್ತ ಏರಿಳಿತವಿದೆ. ಫ್ರೆಂಚ್ ಗಣಿತಜ್ಞ ಪ್ವಾಸೋನ್ ಕೊಟ್ಟ ಸೂತ್ರ ಹಾಕಿ ನೋಡಿದರೆ, 5 ಇಟ್ಟುಕೊಂಡರೂ ಕೊರತೆ ಬೀಳುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಉಳಿಯುತ್ತದೆ. ಇಷ್ಟೂ ಲೆಕ್ಕ ನಿಂತಿರುವುದು ಕಾರ್ಡುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ ಎಂಬ ನಂಬಿಕೆಯ ಮೇಲೆ. ಒಂದು ಸಿಡಿಲು ಒಂದೇ ಸಂಜೆ ಆರನ್ನು ಸುಡಬಲ್ಲದು.

ಕಾರ್ಡು ಚೆನ್ನಾಗಿದ್ದೂ ಕಾಲ ಮುಗಿಯುವುದುಂಟು. ಸೀಮೆನ್ಸ್‌ನ ಎಸ್7-300 ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ಕಾಣುವ ಪಿಎಲ್‌ಸಿ. 2023ರ ಅಕ್ಟೋಬರಿನಿಂದ ಕಂಪನಿ ಅದನ್ನು ಹಂತಹಂತವಾಗಿ ಹಿಂತೆಗೆಯತೊಡಗಿದೆ, ಬಿಡಿಭಾಗಗಳ ಭರವಸೆ 2033ರವರೆಗೆ. ಮೊಬೈಲ್ ಜಾಲವಂತೂ ಇನ್ನೂ ಬೇಗ ಬದಲಾಗುತ್ತದೆ. 2019ರಲ್ಲಿ ಏರ್‌ಟೆಲ್ 3ಜಿ ಸೇವೆ ಮುಚ್ಚತೊಡಗಿದಾಗ 3ಜಿಯನ್ನೇ ನಂಬಿದ್ದ ಮೋಡೆಮ್‌ಗಳಿಗೆ ನೆಲೆ ತಪ್ಪಿತು. ಹೊಲದ ಯೋಜನೆಯ ಆಯಸ್ಸು 25–30 ವರ್ಷ ಎಂದು ನಾವು ಲೆಕ್ಕ ಹಾಕುವಾಗ ಅದರ ಮಾತಿನ ದಾರಿ ಮೂರು ಬಾರಿ ಬದಲಾಗುತ್ತದೆ ಎಂದೂ ಬರೆದುಕೊಳ್ಳಬೇಕು.

ಬಸವಸಾಗರದ ಇನ್ನೊಂದು ಕಡೆ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ನಿಂತಿದೆ. ನಾರಾಯಣಪುರ ಎಡದಂಡೆ ಕಾಲುವೆಯನ್ನು ಸುಮಾರು 4,700 ಕೋಟಿ ರೂಪಾಯಿಯಲ್ಲಿ ಆಧುನೀಕರಿಸಿ, ಗೇಟುಗಳನ್ನು ಸ್ಕಾಡಾಕ್ಕೆ ಜೋಡಿಸಿ, 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. 10,000 ಕ್ಯುಸೆಕ್ ಹರಿಸಬಲ್ಲ ಕಾಲುವೆ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಸ್ಪೇರ್ ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮರುವರ್ಷವೇ ಬೇರೆ ಕಡೆ ಕಂಡೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ ನೀರು ತಡೆಯುವ ಸ್ಟಾಪ್‌ಲಾಗುಗಳನ್ನು ಆಗ ತಯಾರಿಸಿ ತರಬೇಕಾಯಿತು. ಇಡೀ ರಾಜ್ಯ ಒಂದು ವಾರ ಉಸಿರು ಬಿಗಿಹಿಡಿದು ನೋಡಿತು. ಗೇಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾರ್ಡು ಕೆಟ್ಟರೆ ಟಿವಿಯವರು ಬರುವುದಿಲ್ಲ, ತುದಿ ಹೊಲದ ರೈತ ಮಾತ್ರ ಕಚೇರಿಗೆ ಬರುತ್ತಾನೆ.

ಹಾಗಾಗಿ ಗುತ್ತಿಗೆದಾರರ ನಿರ್ವಹಣೆಯ ಅವಧಿ ಮುಗಿದು ಕೀಲಿಕೈ ಕೈಗೆ ಬರುವ ದಿನ ನಿಗಮದವರೂ ನೀರು ಬಳಕೆದಾರರ ಸಂಘದವರೂ ಸ್ಪೇರ್ ಕಾರ್ಡುಗಳ ಜೊತೆಗೆ ಪ್ರತಿ ಆರ್‌ಟಿಯುವಿನ ಕಾನ್ಫಿಗರೇಶನ್ ಫೈಲು, ಪಾಸ್‌ವರ್ಡು, ವಾಲ್ವುಗಳ ನಕ್ಷೆ, ಪ್ರೋಗ್ರಾಮ್ ಮಾಡುವ ಕೇಬಲ್ ಕೇಳಿ ಪಡೆಯಬೇಕು. ಅವಿಲ್ಲದ ಸ್ಪೇರು ಖಾಲಿ ಪ್ಲಾಸ್ಟಿಕ್ ಡಬ್ಬಿ. ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ, ಜಿಲ್ಲೆಯಲ್ಲಿ ಐಟಿಐಗಳಿವೆ. ಅಲ್ಲೊಂದು ಪರೀಕ್ಷಾ ಮೇಜು ಹಾಕಿ, ಒಂದು ಪಿಎಲ್‌ಸಿ, ನಾಲ್ಕು ವಾಲ್ವು ಜೋಡಿಸಿ, ಪ್ರತಿ ಮಾರ್ಚಿನಲ್ಲಿ ಸ್ಪೇರ್ ಕಾರ್ಡುಗಳನ್ನೆಲ್ಲ ಎರಡೆರಡು ದಿನ ಓಡಿಸಿ ನೋಡಿದರೆ ಮುಂಗಾರಿಗೆ ಮುಂಚೆಯೇ ಯಾವುದು ಬದುಕಿದೆ, ಯಾವುದಕ್ಕೆ ಆರ್ಡರ್ ಕೊಡಬೇಕು ಎಂಬುದು ತಿಳಿಯುತ್ತದೆ. ಆ ಮೇಜಿನ ಮುಂದೆ ಕೂತು ಕಲಿತ ಹುನಗುಂದ, ಇಳಕಲ್ ಕಡೆಯ ಹುಡುಗ ಹುಡುಗಿಯರಿಗೆ ತಮ್ಮೂರಿನ ಪ್ಯಾನಲ್ ತೆರೆಯಲು ಬೆಂಗಳೂರಿನಿಂದ ಎಂಜಿನಿಯರ್ ಬರುವವರೆಗೆ ಕಾಯಬೇಕಾಗಿಲ್ಲ.